ಯಾರು ಯಾರಿಗೆ ಕಾಯಬೇಕು?

ಕೋಡ್ ಪುಶ್ ಮಾಡಿದ ಮೇಲೆ ಒಳಗೆ ಏನೇನಾಗುತ್ತೆ ಅಂತ ನಮ್ಮಲ್ಲಿ ಹೆಚ್ಚಿನವರು ನೋಡೋದೇ ಇಲ್ಲ. ಹಸಿರು ಟಿಕ್ ಬಂತಾ, ಕೆಂಪು ಬಂತಾ, ಅಷ್ಟೇ. ಆ ಟಿಕ್ಕಿನ ಹಿಂದೆ ಬಿಲ್ಡ್, ಯೂನಿಟ್ ಟೆಸ್ಟ್, ಲಿಂಟ್, ಸೆಕ್ಯುರಿಟಿ ಸ್ಕ್ಯಾನ್, ಡಿಪ್ಲಾಯ್ ಅಂತ ಹತ್ತಾರು ಜಾಬ್‌ಗಳು ಇರುತ್ತವೆ. ಯಾವುದು ಯಾವುದಕ್ಕೆ ಕಾಯಬೇಕು ಅನ್ನೋದನ್ನು ಯಾರೋ ಒಬ್ಬರು ಯಾವತ್ತೋ ಯಾಮಲ್ ಫೈಲಿನಲ್ಲಿ ಬರೆದಿಟ್ಟು ಹೋಗಿರುತ್ತಾರೆ. ನೋಡೋಕೆ ಟೆಕ್ನಿಕಲ್ ವಿಷಯ. ನನಗೆ ಮಾತ್ರ ಇದು ನ್ಯಾಯದ ಪ್ರಶ್ನೆ ಅನ್ನಿಸುತ್ತೆ.

ಗಿಟ್‌ಲ್ಯಾಬ್ ತಗೊಳ್ಳಿ. ಅಲ್ಲಿ ಜಾಬ್‌ಗಳನ್ನು ಸ್ಟೇಜ್‌ಗಳಾಗಿ ಜೋಡಿಸುತ್ತೇವೆ. ಒಂದು ಸ್ಟೇಜ್ ಪೂರ್ತಿ ಮುಗಿಯದೆ ಮುಂದಿನದು ಶುರುವಾಗಲ್ಲ. ಮದುವೆಮನೆಯ ಪಂಕ್ತಿ ಊಟದ ಹಾಗೆ: ಕೊನೆಯವರು ಮಜ್ಜಿಗೆ ಮುಗಿಸಿ ಏಳೋ ತನಕ ಮುಂದಿನ ಪಂಕ್ತಿಗೆ ಎಲೆ ಹಾಕಲ್ಲ. ಆಂಡ್ರಾಯ್ಡ್ ಬಿಲ್ಡ್ 4 ನಿಮಿಷಕ್ಕೆ ಮುಗಿದು, ಐಒಎಸ್ ಬಿಲ್ಡ್ 20 ನಿಮಿಷ ತಗೊಂಡಿತು ಅಂದುಕೊಳ್ಳಿ. ಆಂಡ್ರಾಯ್ಡ್ ಟೆಸ್ಟ್ 16 ನಿಮಿಷ ಸುಮ್ಮನೆ ಕೂತಿರಬೇಕು. 2019ರ ಆಗಸ್ಟ್‌ನಲ್ಲಿ ಬಂದ 12.2 ಆವೃತ್ತಿಯಲ್ಲಿ 'ನೀಡ್ಸ್' ಅನ್ನೋ ಪದ ಸೇರಿತು. ನನಗೆ ಬೇಕಿರೋದು ಇಂಥ ಜಾಬ್ ಮಾತ್ರ ಅಂತ ಬರೆದರೆ, ಅದು ಮುಗಿದ ತಕ್ಷಣ ಇದು ಹೊರಡುತ್ತೆ. ಗಿಟ್‌ಹಬ್ ಆಕ್ಷನ್ಸ್ ಲೆಕ್ಕ ಉಲ್ಟಾ. ಅಲ್ಲಿ ಎಲ್ಲ ಜಾಬ್‌ಗಳೂ ಒಟ್ಟಿಗೇ ಹೊರಡುತ್ತವೆ, ಕಾಯಿಸಬೇಕಾದರೆ ಬರೆದು ಹೇಳಬೇಕು.

ನಾನು ಎರಡನೆಯದರ ಪಕ್ಷ. ಕಾಯಿಸುವವರು ಕಾರಣ ಹೇಳಲಿ. ಅಕ್ಕನ ಮದುವೆ ಆಗೋ ತನಕ ತಂಗಿಯ ಮಾತೇ ಎತ್ತಬೇಡಿ ಅನ್ನೋರನ್ನು ಯಾಕೆ ಅಂತ ಕೇಳಿ ನೋಡಿ. 'ಹಂಗೇ' ಅನ್ನೋದು ಬಿಟ್ಟರೆ ಬೇರೆ ಉತ್ತರ ಬರಲ್ಲ.

ಇನ್ನು, ಒಬ್ಬ ಸೋತರೆ ಉಳಿದವರನ್ನೂ ನಿಲ್ಲಿಸಬೇಕಾ? ಗಿಟ್‌ಹಬ್‌ನಲ್ಲಿ ಮ್ಯಾಟ್ರಿಕ್ಸ್ ಹಾಕಿ ಒಂದೇ ಟೆಸ್ಟನ್ನು ಪೈಥಾನ್‌ನ 4 ಆವೃತ್ತಿಗಳ ಮೇಲೆ ಓಡಿಸಿದಾಗ, ಒಂದು ಫೇಲ್ ಆದರೆ ಇನ್ನೂ ಓಡುತ್ತಿರೋದನ್ನೆಲ್ಲ ಅರ್ಧಕ್ಕೇ ರದ್ದು ಮಾಡುತ್ತೆ. 'ಫೇಲ್ ಫಾಸ್ಟ್' ಡಿಫಾಲ್ಟ್ ಆಗಿ ಆನ್ ಇರುತ್ತೆ. ಮಷಿನ್ ಸಮಯ ಉಳಿಯುತ್ತೆ, ಒಪ್ಪೋಣ. ಆದರೆ ತಪ್ಪು ಒಂದೇ ಆವೃತ್ತಿಯದ್ದಾ, ನಾಲ್ಕರದ್ದೂನಾ ಅಂತ ಗೊತ್ತಾಗಲ್ಲ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದ 'ಮೇಕ್' ಇವತ್ತಿಗೂ ಬಳಕೆಯಲ್ಲಿದೆ. ಅದಕ್ಕೆ 'ಮೈನಸ್ ಕೆ' ಅಂತ ಕೊಟ್ಟರೆ, ಕೆಟ್ಟ ಕೆಲಸವನ್ನು ನಂಬಿಕೊಂಡಿದ್ದನ್ನು ಮಾತ್ರ ಕೈಬಿಟ್ಟು ಮಿಕ್ಕಿದ್ದನ್ನು ಮಾಡಿಕೊಂಡು ಹೋಗುತ್ತೆ. ಎಷ್ಟು ಸಭ್ಯವಾದ ಯೋಚನೆ ನೋಡಿ.

ಹಾಗಂತ ಎಲ್ಲರನ್ನೂ ಬಿಟ್ಟುಬಿಟ್ಟರೆ ಮುಗೀತಾ? ಎರಡು ಟೆಸ್ಟ್ ಜಾಬ್‌ಗಳು ಒಂದೇ ಡೇಟಾಬೇಸ್ ಬಳಸುತ್ತಿವೆ, ಒಂದು ಓದೋ ಟೇಬಲನ್ನು ಇನ್ನೊಂದು ಖಾಲಿ ಮಾಡುತ್ತೆ ಅನ್ನಿ. ಸಾಲಾಗಿ ಓಡುವಾಗ ತಂಟೆಯಿಲ್ಲ. ಒಟ್ಟಿಗೆ ಬಿಟ್ಟ ದಿನದಿಂದ ಇವತ್ತು ಪಾಸ್, ನಾಳೆ ಫೇಲ್. ನಾವು ಅದಕ್ಕೆ 'ಫ್ಲೇಕಿ' ಅಂತ ಹೆಸರಿಟ್ಟು ರೀಟ್ರೈ ಒತ್ತುತ್ತೇವೆ. ನಂಟು ಮೊದಲಿಂದಲೂ ಇತ್ತು, ಯಾರೂ ಬರೆದಿರಲಿಲ್ಲ ಅಷ್ಟೇ.

ಡಿಪ್ಲಾಯ್ ವಿಷಯಕ್ಕೆ ಬಂದರೆ ಇದು ಇನ್ನೂ ಗಂಭೀರ. ರಿಲೀಸ್ ಬೇಗ ಆಗಲಿ ಅಂತ ಡಿಪ್ಲಾಯ್ ಜಾಬಿನ 'ನೀಡ್ಸ್'ನಲ್ಲಿ ಬಿಲ್ಡ್ ಒಂದನ್ನೇ ಬರೆದರೆ ಗಿಟ್‌ಲ್ಯಾಬ್ ಹೇಳಿದ ಹಾಗೆ ಕೇಳುತ್ತೆ. ಟೆಸ್ಟ್ ಇನ್ನೂ ಓಡುತ್ತಿರುವಾಗಲೇ ಕೋಡ್ ಪ್ರೊಡಕ್ಷನ್ ಸೇರಿರುತ್ತೆ. ಆಮೇಲೆ ಟೆಸ್ಟ್ ಫೇಲ್ ಆದರೆ ಕೇಳಿಸಿಕೊಳ್ಳೋಕೆ ಅಲ್ಲಿ ಯಾರೂ ಇರಲ್ಲ. ಬಿಲ್ಡ್‌ನಿಂದ ಡಿಪ್ಲಾಯ್‌ಗೆ ಬೇಕಿರೋದು ಫೈಲು. ಟೆಸ್ಟ್‌ನಿಂದ ಬೇಕಿರೋದು ಒಪ್ಪಿಗೆ. ಫೈಲು ಇಲ್ಲದಿದ್ದರೆ ಕೆಲಸವೇ ನಿಲ್ಲುತ್ತೆ, ಹಾಗಾಗಿ ಅದನ್ನು ಮರೆಯೋಕೆ ಆಗಲ್ಲ. ಒಪ್ಪಿಗೆ ಇಲ್ಲದಿದ್ದರೂ ಕೆಲಸ ಸಲೀಸಾಗಿ ನಡೆಯುತ್ತೆ, ಅದಕ್ಕೇ ಅವಸರ ಬಂದಾಗ ಮೊದಲು ಬಿಟ್ಟುಹೋಗೋದು ಅದೇ. ಬಿಟ್ಟವರು ಅದರ ಫಲ ಉಣ್ಣೋದು ಕಮ್ಮಿ. ಉಣ್ಣೋದು ರಾತ್ರಿ ಆನ್‌ಕಾಲ್ ಇರೋ ಹುಡುಗ, ಪೇಮೆಂಟ್ ಕಡಿತವಾಗಿಯೂ ಟಿಕೆಟ್ ಸಿಗದ ಯಾರೋ ಪ್ರಯಾಣಿಕರು.

ಫೈಲಿನಲ್ಲಿ ಕಾಣದ ಇನ್ನೊಂದು ಕಾಯುವಿಕೆಯೂ ಇದೆ. ಜಾಬ್‌ಗಳು ಎಷ್ಟೇ ಸ್ವತಂತ್ರ ಅಂದರೂ ಅವು ಓಡೋ ರನ್ನರ್‌ಗಳು ಹಂಚಿಕೆಯವು. ಒಂದು ಟೀಮ್ ಒಂದೇ ಏಟಿಗೆ 40 ಜಾಬ್ ಬಿಟ್ಟರೆ ಇನ್ನೊಂದು ಟೀಮಿನ ಒಂದು ಸಾಲಿನ ಅರ್ಜೆಂಟ್ ಫಿಕ್ಸ್ ಕ್ಯೂನಲ್ಲಿ ಒಣಗುತ್ತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳೂ ಇದೇ ತಾನೆ, ಮೇಲಿನವರು ತೂಬು ತೆರೆದಾಗ ಕೆಳಗಿನವರನ್ನು ಕೇಳೋರಿಲ್ಲ. ಗಿಟ್‌ಲ್ಯಾಬ್‌ನಲ್ಲಿ ಇನ್‌ಸ್ಟನ್ಸ್ ರನ್ನರ್ ಆದರೆ, ಯಾವ ಪ್ರಾಜೆಕ್ಟಿನ ಜಾಬ್‌ಗಳು ಕಡಿಮೆ ಓಡುತ್ತಿವೆಯೋ ಅದಕ್ಕೆ ಮುಂದಿನ ಸರದಿ. ಗ್ರೂಪ್ ರನ್ನರ್ ಆದರೆ ಮೊದಲು ಬಂದವರಿಗೆ ಮೊದಲು. ನಿಮ್ಮ ಆಫೀಸಿನಲ್ಲಿ ಯಾವುದಿದೆ ಅಂತ ಸಂಜೆ ಎಲ್ಲರೂ ಒಟ್ಟಿಗೆ ಪುಶ್ ಮಾಡೋ ಹೊತ್ತಿಗೆ ಒಮ್ಮೆ ಕ್ಯೂ ತೆಗೆದು ನೋಡಿ.