ಕೋಲಾರಮ್ಮನ ಕನ್ನಡಿ, ಟ್ರೈಪನ ಕ್ಯಾಮೆರಾ

ಕೋಲಾರದ ದೇವತೆ ಕೋಲಾರಮ್ಮನನ್ನು ನೇರವಾಗಿ ದಿಟ್ಟಿಸಬಾರದೆಂಬ ವಾಡಿಕೆಯಿದೆ. ದೇವಿ ಉಗ್ರಸ್ವರೂಪಿಣಿ, ಭಕ್ತರು ಕನ್ನಡಿಯಲ್ಲಿ ಅವಳನ್ನು ಕಂಡು ಕೈಮುಗಿಯುತ್ತಾರೆ. ಪ್ರತಿಬಿಂಬ ಕಂಡರೂ ದರ್ಶನವಾಯಿತು ಅಂದಮೇಲೆ ಫೋಟೋ ಕಂಡರೆ ಯಾಕಾಗಬಾರದು? ಗರ್ಭಗುಡಿಗಳ ಮುಂದೆ ಕ್ಯಾಮೆರಾಗೆ ಯಾಕೆ ತಡೆ?

ಗುಡಿಗಳ ಮುಂದೆ ಕ್ಯಾಮೆರಾ ಏನು ಕಂಡಿತೆಂಬುದನ್ನು ಮೊದಲು ನೋಡೋಣ. ಮದರಾಸು ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರ್‌ನಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಕಾಗದವೇ ಅವನ ನೆಗೆಟಿವ್. ಅದನ್ನು ಬಹಳ ಹೊತ್ತು ಬೆಳಕಿಗೆ ಒಡ್ಡಬೇಕಿತ್ತು. ಅಷ್ಟರಲ್ಲಿ ಓಡಾಡಿದವರು ಮಾಯವಾಗಿ ಕದಲದ ಕಲ್ಲಷ್ಟೇ ಮೂಡುತ್ತಿತ್ತು. 1856ರಲ್ಲಿ ಅವನು ಮದರಾಸು ಸರ್ಕಾರದ ಛಾಯಾಗ್ರಾಹಕನಾದ. ಖರ್ಚು ಹೆಚ್ಚಾಯಿತೆಂದು ಸರ್ಕಾರ ಕೆಲವೇ ವರ್ಷಗಳಲ್ಲಿ ಆ ಕೆಲಸ ನಿಲ್ಲಿಸಿತು. ರೂಢಿ ಮಾತ್ರ ನಿಲ್ಲಲಿಲ್ಲ: ಕಟ್ಟಡದ ಒಳ್ಳೆಯ ಚಿತ್ರವೆಂದರೆ ಇವತ್ತಿಗೂ ಜನರಿಲ್ಲದ ಚಿತ್ರ.

ಕೋಲಾರದ ಸೋಮೇಶ್ವರನ ಕಲ್ಯಾಣಮಂಟಪಕ್ಕೆ, ಆವಣಿಯ ನೊಳಂಬರ ಕಾಲದ ಗುಡಿಗಳ ಹೊರಗೋಡೆಗೆ ಈ ರೂಢಿ ಸಾಕು. ಮುಳಬಾಗಿಲಿನ ಹತ್ತಿರದ ಕುರುಡುಮಲೆಯಲ್ಲಿ ಸಾಲದು. ಅಲ್ಲಿಯ ಏಕಶಿಲೆಯ ಗಣಪ 13 ಅಡಿಗೂ ಮಿಕ್ಕಿದ ಎತ್ತರದವನು. ಪಕ್ಕದಲ್ಲಿ ಅರ್ಚಕರು ನಿಂತಿರದಿದ್ದರೆ ಆ ಗಾತ್ರವೇ ತಿಳಿಯದು.

ಇಷ್ಟೂ ಕಲ್ಲಿನ ಮಾತಾಯಿತು; ಗರ್ಭಗುಡಿಯಲ್ಲಿರುವುದು ದೇವರು. ಕಲ್ಲಿಗೂ ದೇವರಿಗೂ ನಡುವಿನ ಗೆರೆ ಆಗಮದವರಿಗೆ ಗೊತ್ತು. ಜೀರ್ಣೋದ್ಧಾರಕ್ಕೆ ಮೊದಲು ಕಳಾಕರ್ಷಣೆ ಮಾಡಿ ಮೂರ್ತಿಯ ಕಳೆಯನ್ನು, ಅಂದರೆ ಅದರ ದೈವಶಕ್ತಿಯನ್ನು, ಕಲಶಕ್ಕೆ ತರುತ್ತಾರೆ. ಮರಳಿ ಪ್ರತಿಷ್ಠೆಯಾಗುವತನಕ ಕಲ್ಲು ಬರೀ ಕಲ್ಲು. ಕಳೆ ಇರುವ ಮೂರ್ತಿ ಯಾವುದು, ಇಲ್ಲದ್ದು ಯಾವುದು ಎಂದು ಕ್ಯಾಮೆರಾಗೆ ತಿಳಿಯದು. ಭಕ್ತನ ಕಣ್ಣಿಗೆ ತಾನೇ ತಿಳಿಯುತ್ತದೆಯೇ ಎಂದರೆ, ಅದೂ ನ್ಯಾಯವಾದ ಪ್ರಶ್ನೆಯೇ. ಆದರೆ ದರ್ಶನದಲ್ಲಿ ನಾವು ನೋಡುವುದು ಅರ್ಧ, ದೇವರ ದೃಷ್ಟಿ ನಮ್ಮ ಮೇಲೆ ಬೀಳುವುದು ಇನ್ನರ್ಧ. ಕನ್ನಡಿ ಎದುರಿಗೆ ಬಂದವರಿಗಷ್ಟೇ ತೋರಿಸುತ್ತದೆ, ತನ್ನಲ್ಲಿ ಏನನ್ನೂ ಇಟ್ಟುಕೊಳ್ಳುವುದಿಲ್ಲ. ಫೋಟೋ ಬಾರದವರಿಗೂ ತೋರಿಸುತ್ತದೆ. ತಡೆಗೆ ಅರ್ಥವಿರುವುದು ಇಲ್ಲಿ.

ಹಾಗೆಂದು ಪಟವನ್ನು ತಳ್ಳಿಹಾಕುವಂತೆಯೂ ಇಲ್ಲ. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ಹೋಗಿ ಬಂದವರ ಮನೆಗಳಲ್ಲಿ, ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ವೆಂಕಟರಮಣ ಗೋಡೆಯ ಮೇಲೆ ಅಚ್ಚಾದ ಪಟವಾಗಿಯೇ ಇದ್ದಾನೆ. ಅದಕ್ಕೆ ಯಾರೂ ಪ್ರಾಣಪ್ರತಿಷ್ಠೆ ಮಾಡಿಲ್ಲ. ಆದರೂ ಹೂವಿಟ್ಟು ಊದುಬತ್ತಿ ಹಚ್ಚಿದ ಮೇಲೆಯೇ ವ್ಯಾಪಾರ ಶುರು. ಫೋಟೋ ತೆಗೆಯಬಾರದೆಂಬ ಫಲಕ ಇರುವ ಎಷ್ಟೋ ಗುಡಿಗಳ ಹೊರಗೆ ಅದೇ ದೇವರ ಪಟ ಮಾರುವ ಅಂಗಡಿಗಳಿವೆ. ಕೊಳ್ಳುವವರಿಗಾಗಲಿ ಅರ್ಚಕರಿಗಾಗಲಿ ಇದರಲ್ಲಿ ತಕರಾರು ಕಾಣುವುದಿಲ್ಲ.