ಮಾಡದುದನ್ನು ಉಣ್ಣುವುದು

1945ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ನೊಬೆಲ್ ಉಪನ್ಯಾಸವನ್ನು ಮಾಡಿದ ಅಲೆಗ್ಸಾಂಡರ್ ಫ್ಲೆಮಿಂಗರು, ಪೆನಿಸಿಲಿನ್ನಿನ ಗುಣಕಥನವನ್ನು ಮುಗಿಸುವ ವೇಳೆಗೆ ಒಂದು ಕಲ್ಪಿತ ದೃಷ್ಟಾಂತವನ್ನು ಸಭೆಯ ಮುಂದಿಟ್ಟರು. ಗಂಟಲುನೋವಿನ ಗೃಹಸ್ಥನೊಬ್ಬನು ತಾನೇ ಔಷಧವನ್ನು ಕೊಂಡು, ರೋಗಾಣುಗಳು ಸಾಯುವಷ್ಟಲ್ಲ, ಎದುರಿಸುವುದನ್ನು ಅವು ಕಲಿಯುವಷ್ಟು ಮಾತ್ರ ಸೇವಿಸುತ್ತಾನೆ. ಅವು ಅವನ ಪತ್ನಿಗೆ ಅಂಟುತ್ತವೆ. ಆಕೆಗೆ ನ್ಯುಮೋನಿಯಾ ಬಂದಾಗ ಪೆನಿಸಿಲಿನ್ ನಿಷ್ಫಲವಾಗಿ ಆಕೆ ಮೃತಳಾಗುತ್ತಾಳೆ. ಈ ಸಾವಿಗೆ ಹೊಣೆ ಯಾರದೆಂದು ಕೇಳಿದ ಫ್ಲೆಮಿಂಗರು, ಪತಿಯದೇ ಎಂದು ತೀರ್ಪನ್ನೂ ತಾವೇ ಕೊಟ್ಟರು. (ಗಂಟಲುನೋವಿನ ಸ್ಟ್ರೆಪ್ಟೊಕಾಕಸ್ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತಲೇ ಇದೆ, ಅದು ಬೇರೆ ಮಾತು.)

ಮಾಡಿದ್ದುಣ್ಣೋ ಮಹಾರಾಯ ಎಂದು ನಮ್ಮ ಜನ ಒಂದೇ ಉಸಿರಿಗೆ ಹೇಳಿಬಿಡುವುದನ್ನು ಶಾಸ್ತ್ರಕಾರರು ಎರಡು ದೋಷಗಳ ನಿಷೇಧವಾಗಿ ನಿರೂಪಿಸಿದರು: ಮಾಡಿದ ಕರ್ಮವು ಫಲವೀಯದೆ ಅಳಿದರೆ ಕೃತನಾಶ, ಮಾಡದವನ ಮೇಲೆ ಫಲವು ಬಂದೆರಗಿದರೆ ಅಕೃತಾಭ್ಯಾಗಮ. ಆತ್ಮನ ಸ್ವರೂಪದಲ್ಲಿ ಪರಸ್ಪರ ಒಪ್ಪದ ದರ್ಶನಗಳೂ ಈ ಎರಡಕ್ಕೆ ಮಾತ್ರ ಸಮಾನವಾಗಿ ಅಂಜಿದುವು. ಸ್ಥಿರವಾದ ಆತ್ಮವನ್ನೇ ಒಲ್ಲದ ಬೌದ್ಧರು, ಚಿತ್ತಕ್ಷಣಗಳ ಧಾರೆಯಾದ ಚಿತ್ತಸಂತಾನವು ಅವಿಚ್ಛಿನ್ನವಾದುದರಿಂದ ಫಲವು ದಾರಿತಪ್ಪದೆಂದು ಸಮಾಧಾನ ಹೇಳಿದರು. ಕರ್ಮವನ್ನು ಜೀವಕ್ಕೆ ಅಂಟುವ ಸೂಕ್ಷ್ಮದ್ರವ್ಯವೆಂದೇ ಬಗೆದ ಜೈನರು ಸಹ, ಒಂದು ಜೀವಕ್ಕೆ ಕಟ್ಟಿದ ಕರ್ಮವು ಇನ್ನೊಂದಕ್ಕೆ ದಾಟುವುದೆಂದು ಹೇಳಲಿಲ್ಲ.

ಔಷಧಪ್ರತಿರೋಧದಲ್ಲಿ ಹಾಗೆ ದಾಟುವ ದ್ರವ್ಯವೊಂದುಂಟೆಂಬುದು ತಿಳಿದದ್ದು ಜಪಾನಿನ ಆಮಶಂಕೆಯ ರೋಗಿಗಳಿಂದ. ಅಲ್ಲಿ 1950ರ ದಶಕದ ಉತ್ತರಾರ್ಧದಲ್ಲಿ ಸಲ್ಫೊನಮೈಡ್, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಎಂಬ ನಾಲ್ಕನ್ನೂ ಒಟ್ಟಿಗೆ ಧಿಕ್ಕರಿಸುವ ಶಿಗೆಲ್ಲಾ ರೋಗಾಣುಗಳು ಕಾಣಿಸಿಕೊಂಡುವು. ಮೊದಲು ಔಷಧಕ್ಕೆ ಮಣಿಯುತ್ತಿದ್ದ ರೋಗಾಣುವನ್ನು ಹೊತ್ತ ರೋಗಿಗೆ ಕ್ಲೋರಾಂಫೆನಿಕಾಲ್ ಒಂದನ್ನೇ ಕೊಟ್ಟರೂ ನಾಲ್ಕಕ್ಕೂ ಜಗ್ಗದ ತಳಿಯು ಹೊರಬೀಳುವುದುಂಟೆಂಬುದು ವೈದ್ಯರಿಗೆ ಒಗಟಾಯಿತು. 1959ರಲ್ಲಿ ಓಚಿಯಾಯಿ ಮತ್ತು ಅಕಿಬಾ ಎಂಬ ಸಂಶೋಧಕರು ಇದನ್ನು ಬಿಡಿಸಿದರು: ಕರುಳಿನಲ್ಲಿ ನಿರುಪದ್ರವಿಯಾಗಿ ವಾಸಿಸುವ ಇ. ಕೋಲೈ ತನ್ನಲ್ಲಿದ್ದ ಪ್ರತಿರೋಧವನ್ನು, ತನ್ನ ಸಂತತಿಯಲ್ಲದ ಶಿಗೆಲ್ಲಾಕ್ಕೆ ಸ್ಪರ್ಶಮಾತ್ರದಿಂದ ಕೊಡಬಲ್ಲುದು. ಹೀಗೆ ಕೈಬದಲಾಗುವ ಜೀನುಗಳ ವಾಹನವನ್ನು ಇಂದು ಪ್ಲಾಸ್ಮಿಡ್ ಎನ್ನುತ್ತೇವೆ. ಒಂದು ಔಷಧವನ್ನು ನುಂಗಿದವನು, ತಾನು ಹೆಸರನ್ನೂ ಕೇಳದ ಇನ್ನು ಮೂರು ಔಷಧಗಳನ್ನು, ತಾನು ಮುಖವನ್ನೂ ಕಾಣದ ಪಕ್ಕದ ವಾರ್ಡಿನ ರೋಗಿಯ ಪಾಲಿಗೆ ವ್ಯರ್ಥಮಾಡಿರಬಹುದು. ಇಲ್ಲಿ ಕೃತನಾಶವಂತೂ ಇಲ್ಲ. ನುಂಗಿದ ಗುಳಿಗೆಯ ಪರಿಣಾಮ ರೋಗಿ ಮನೆಗೆ ಹೋದಮೇಲೂ ಆಸ್ಪತ್ರೆಯಲ್ಲಿ ಉಳಿದಿದೆ. ಅಕೃತಾಭ್ಯಾಗಮವಾದರೋ ಯಾವ ದರ್ಶನದ ಅಪ್ಪಣೆಗೂ ಕಾಯದೆ ನಡೆದುಹೋಗಿದೆ.

ಕರ್ತೃವನ್ನು ಹುಡುಕಹೊರಟರೆ ತೊಡಕು ಇನ್ನೂ ಹೆಚ್ಚುತ್ತದೆ. ಔಷಧವು ರೋಗಾಣುವಿಗೆ ಎದುರಿಸುವುದನ್ನು ಕಲಿಸುತ್ತದೆಂಬ ಫ್ಲೆಮಿಂಗರ ಮಾತು ನಿಲ್ಲಲಿಲ್ಲ; ಸ್ಟ್ರೆಪ್ಟೊಮೈಸಿನ್ನನ್ನು ಎಂದೂ ಕಾಣದ ಬ್ಯಾಕ್ಟೀರಿಯಾಗಳಲ್ಲಿಯೇ ಅದಕ್ಕೆ ಜಗ್ಗದವು ಮೊದಲೇ ಇರುತ್ತವೆಂದು 1952ರಲ್ಲಿ ವಿಜ್ಞಾನಿಗಳಾದ ಲೆಡರ್‌ಬರ್ಗ್ ದಂಪತಿಗಳು ತೋರಿಸಿದರು. ಔಷಧವು ಉಳಿದವನ್ನು ಕೊಂದು ಇವಕ್ಕೆ ತೆರಪು ಮಾಡಿಕೊಡುತ್ತದೆ, ಅಷ್ಟೆ. ಕೆನಡಾದ ಯೂಕಾನ್ ಸೀಮೆಯಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ ನೆಲದೊಳಗೂ ಪ್ರತಿರೋಧದ ಜೀನುಗಳಿರುವುದು 2011ರಲ್ಲಿ ಪ್ರಕಟವಾಯಿತು. ಅವನ್ನು ಮನುಷ್ಯನು ಸೃಜಿಸಲಿಲ್ಲ. ಅವಕ್ಕೆ ಆಸ್ಪತ್ರೆಯಲ್ಲಿ ರಾಜ್ಯವನ್ನು ಕೊಟ್ಟವನು ಮಾತ್ರ ಅವನೇ. ಇನ್ನು ರೋಗಾಣುವಿಗೆ ಸಂಕಲ್ಪವೆಂಬುದೇ ಇಲ್ಲ. ಚೇತನೆಯೇ, ಎಂದರೆ ಸಂಕಲ್ಪವೇ, ಕರ್ಮವೆಂದ ಬುದ್ಧನ ನ್ಯಾಯಸ್ಥಾನದಲ್ಲಿ ಅದು ನಿರ್ದೋಷಿ.

ವೈದ್ಯನ ಗತಿಯೇನು? ಜ್ವರವೇರಿ ರಕ್ತದೊತ್ತಡವಿಳಿದು ಮಲಗಿದ ರೋಗಿಯಲ್ಲಿರುವ ರೋಗಾಣು ಯಾವುದೆಂದು ತಿಳಿಸುವ ಕಲ್ಚರ್ ವರದಿ ಕೈಸೇರಲು ಎರಡು ಮೂರು ದಿನ ಬೇಕಾಗಿರುವಾಗ, ಹಲವು ಬಗೆಯ ರೋಗಾಣುಗಳನ್ನು ಏಕಕಾಲಕ್ಕೆ ಹೊಡೆಯುವ ಪ್ರಬಲ ಔಷಧವನ್ನು ಆತನು ಕೊಡದಿದ್ದರೆ ಅದೇ ಅಧರ್ಮ. ಕೊಟ್ಟರೆ ಅದರ ಶೇಷವು ಇನ್ನಾರನ್ನೋ ಮುಟ್ಟುತ್ತದೆ. ಇಂತಹವನನ್ನು ಫ್ಲೆಮಿಂಗರ ಗೃಹಸ್ಥನ ಪಂಕ್ತಿಯಲ್ಲಿ ಕೂರಿಸಿ ಪಾಪದ ಲೆಕ್ಕವನ್ನು ಹಂಚುವುದು ನನಗೆ ಅವಿವೇಕವೆಂದು ತೋರುತ್ತದೆ. ಕರ್ಮದ ಭಾಷೆಯು ಇಲ್ಲಿ ಸೋಲುತ್ತದೆ. ನಮಗೆ ಬೇಕಾದುದು ಋಣದ ಭಾಷೆ.

ಮನುಷ್ಯನು ಹುಟ್ಟುವಾಗಲೇ ಋಣವನ್ನು ಹೊತ್ತು ಹುಟ್ಟುತ್ತಾನೆಂಬುದು ವೈದಿಕರ ಪ್ರಾಚೀನ ಭಾವನೆ. ತೈತ್ತಿರೀಯ ಸಂಹಿತೆಯು ಎಣಿಸಿದ ಋಷಿ, ದೇವ, ಪಿತೃಗಳೆಂಬ ಮೂರು ಋಣಗಳಿಗೆ ಶತಪಥ ಬ್ರಾಹ್ಮಣವು ಮನುಷ್ಯರ ಋಣವನ್ನೂ ಸೇರಿಸಿತು. ಋಣಿಯಾಗಲು ಅಪರಾಧಿಯಾಗಿರಬೇಕಿಲ್ಲ. ಅದಕ್ಕಿಂತಲೂ ಮಿಗಿಲಾದ ಸಂಗತಿಯೆಂದರೆ, ಪಿತೃಋಣವು ಪಿತೃಗಳಿಗೆ ಹಿಂದಿರುಗಿಸಿ ತೀರತಕ್ಕದ್ದಲ್ಲ. ಸಂತಾನದ ಮೂಲಕ ಮುಂದಿನವರಲ್ಲಿ ತೀರತಕ್ಕದ್ದು. ಪೆನಿಸಿಲಿನ್ನು ಪಳಗುವ ಮೊದಲು ಗಾಯ ಕೀವಾಗಿ ಸತ್ತ ತಲೆಮಾರುಗಳ ಅನಂತರ ಬಂದ ನಾವು, ಅನ್ಯರ ಶ್ರಮದಿಂದ ದೊರೆತ ರಕ್ಷಣೆಯನ್ನು ಅನುಭವಿಸುತ್ತಿರುವ ಋಣಿಗಳು. ವರದಿ ಬಂದ ದಿನ ಪ್ರಬಲ ಔಷಧವನ್ನು ನಿಲ್ಲಿಸಿ ಆ ರೋಗಾಣುವೊಂದಕ್ಕೇ ತಕ್ಕ ಸಣ್ಣ ಔಷಧಕ್ಕೆ ಇಳಿಯುವ ವೈದ್ಯನೂ, ನೆಗಡಿಗೆ ಗುಳಿಗೆ ಬೇಡದೆ ಎದ್ದುಹೋಗುವ ರೋಗಿಯೂ, ಹಾಸಿಗೆಯಿಂದ ಹಾಸಿಗೆಗೆ ಹೋಗುವ ನಡುವೆ ಕೈ ತೊಳೆಯುವ ದಾದಿಯೂ ಇನ್ನೂ ಆಸ್ಪತ್ರೆಗೆ ಬಾರದವರಿಗೆ ಆ ಋಣವನ್ನು ಸಲ್ಲಿಸುತ್ತಿದ್ದಾರೆ.

ಆದರೂ ಈ ಸಾದೃಶ್ಯವನ್ನು ಕೊನೆಯವರೆಗೆ ಎಳೆಯಲಾಗದು. ಒಂದೇ ಪ್ಲಾಸ್ಮಿಡ್ಡಿನಲ್ಲಿ ಜೊತೆಗೂಡಿ ಕುಳಿತ ಜೀನುಗಳಲ್ಲಿ ಒಂದನ್ನು ಯಾವುದೋ ಔಷಧದ ಬಳಕೆಯು ಪೋಷಿಸುತ್ತಿರುವ ತನಕ, ವರ್ಷಗಟ್ಟಲೆ ಮುಟ್ಟದೆ ಬಿಟ್ಟ ಇನ್ನೊಂದು ಔಷಧದ ವಿರುದ್ಧದ ಪ್ರತಿರೋಧವೂ ಅದರೊಡನೆ ಉಳಿದುಬರಬಲ್ಲುದು. ಸಂಯಮಕ್ಕೆ ಮಣಿಯದ ಈ ಶೇಷವನ್ನು ಯಾವ ಸಂತಾನದ ಮೂಲಕ ತೀರಿಸಬೇಕೆಂಬುದಕ್ಕೆ ಶ್ರುತಿಯಲ್ಲಿ ವಿಧಿಯಿಲ್ಲ.