ಗಬ್ಬೂರಿನಲ್ಲಿ ನಿಂತ ಗಾಡಿ

ಕಳೆದ ಮಳೆಗಾಲದ ಒಂದು ಸಂಜೆ ನಾನು ರಾಯಚೂರಿನಿಂದ ದೇವದುರ್ಗಕ್ಕೆ ಹೋಗಬೇಕಾಗಿತ್ತು. ಬಂಧುಗಳ ಮನೆಯಲ್ಲಿ ನಿಶ್ಚಿತಾರ್ಥ. ಹಣ್ಣಿನ ಅಂಗಡಿಯಲ್ಲಿ ಹತ್ತು ರೂಪಾಯಿಗಾಗಿ ಚೌಕಾಸಿ ಮಾಡುತ್ತ ನಿಂತು ಬಸ್ಸು ತಪ್ಪಿಸಿಕೊಂಡೆ. ಮುಂದಿನ ಬಸ್ಸು ಯಾವಾಗ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಗಂಟೆ ಹೇಳಿದರು. ಕೊನೆಗೆ ಹೊರಗೆ ನಿಂತಿದ್ದ ಕ್ರೂಸರ್ ಹತ್ತಿದೆ. ನಮ್ಮ ಕಡೆ ಇದನ್ನು ಟ್ಯಾಕ್ಸಿ ಎಂದು ಯಾರೂ ಕರೆಯುವುದಿಲ್ಲ. ಗಾಡಿ ಎಂದರೆ ಸಾಕು. ಮೀಟರಿಲ್ಲ, ಬಾಡಿಗೆ ತಲೆಗಿಷ್ಟು, ತಲೆಗಳಿಗೆ ಲೆಕ್ಕವಿಲ್ಲ. ಹೀಗೆ ಬಿಡಿಬಿಡಿಯಾಗಿ ಬಾಡಿಗೆ ವಸೂಲು ಮಾಡುವುದು ಕಾನೂನಿನ ಕಣ್ಣಿಗೆ ಸಲ್ಲದು. ಹೊತ್ತು ಮುಳುಗಿದ ಮೇಲೆ ಹಳ್ಳಿಗೆ ಹೋಗಬೇಕಾದವನ ಕಣ್ಣಿಗೆ ಮಾತ್ರ ಅದೇ ಪುಷ್ಪಕ ವಿಮಾನ.

ನನ್ನ ಎದುರಿನ ಸೀಟಿನಲ್ಲಿ ಒಬ್ಬ ಮುದುಕ, ಅವನ ಹೆಂಡತಿ. ಮುದುಕನ ಒಂದು ಕಣ್ಣಿನ ಮೇಲೆ ಹಸಿರು ಬಟ್ಟೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಸ್ಪತ್ರೆಯಿಂದ ಹೊರಟವರು. ಕರೆದೊಯ್ಯಲು ಮಗ ಬರುತ್ತಾನೆಂದು ಮಧ್ಯಾಹ್ನದಿಂದ ಕಾದು, ಅವನು ಬಾರದೆ, ಕತ್ತಲಾಗುತ್ತಲೇ ಈ ಗಾಡಿ ಹತ್ತಿದ್ದರು. ಇದೆಲ್ಲ ನನಗೆ ತಿಳಿದದ್ದು ಗಬ್ಬೂರಿನಲ್ಲಿ, ಡ್ರೈವರು ಗಾಡಿ ನಿಲ್ಲಿಸಿ ಹಣಕ್ಕೆ ಕೈಚಾಚಿದಾಗ.

"ಯಜಮಾನ, ರೊಕ್ಕ?"

"ದೇವದುರ್ಗದಾಗ ಮಗ ನಿಂತಿರ್ತಾನಪ್ಪಾ. ಅಂವ ಕೊಡ್ತಾನ."

"ಹತ್ತೋಮುಂದ ಯಾಕ ಹೇಳಲಿಲ್ಲ?"

ಮುದುಕ ಸುಮ್ಮನಿದ್ದ. ಉತ್ತರ ಕೊಟ್ಟವಳು ಮುದುಕಿ: "ಹೇಳಿದ್ರ ಹತ್ತಿಸ್ಕೊಂತಿದ್ದೇನು ತಮ್ಮಾ?"

ಇಳಿಯಿರಿ ಎಂದ ಡ್ರೈವರು. ಗಾಡಿಯಲ್ಲಿದ್ದವರೆಲ್ಲ ಒಮ್ಮೆಲೇ ಕಿಟಕಿಯಾಚೆ ಏನೋ ನೋಡತೊಡಗಿದರು. ನಾನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು, ಸುಮ್ಮನಿರುವ ಅಭ್ಯಾಸವಿಲ್ಲ. "ರಾತ್ರಿ ಹೊತ್ತಿನಲ್ಲಿ ವಯಸ್ಸಾದವರನ್ನು ಇಳಿಸುವುದು ಧರ್ಮವೇನಪ್ಪಾ?" ಎಂದೆ. ಅವನು ಹಿಂತಿರುಗಿ ನೋಡಿ, ಸಿಟ್ಟೇನೂ ಇಲ್ಲದೆ, "ಧರ್ಮ ಅಲ್ರಿ ಸರ. ನೀವು ಕೊಡ್ತೀರೇನು ಮತ್ತ?" ಎಂದ.

ತಲೆಗೆ ನೂರು ರೂಪಾಯಿ. ನನ್ನ ಜೇಬಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿತ್ತು. ಆದರೂ ಆ ಪ್ರಶ್ನೆ ಬರುವವರೆಗೆ ಜೇಬಿನ ನೆನಪೇ ಆಗಿರಲಿಲ್ಲ. ನಾನು ಮಾಡಹೊರಟ ಪುಣ್ಯಕ್ಕೆ ಬೇಕಾದ ಹಣ ಅವನದಾಗಿತ್ತು! ನಾನು ತಡವರಿಸುತ್ತಿದ್ದುದನ್ನು ಕಂಡು ಅವನೇ ದಾರಿ ತೋರಿದ: "ಎರಡೂ ಬ್ಯಾಡ್ರಿ. ಒಂದು ನೀವು ಕೊಡ್ರಿ, ಒಂದು ನಾ ಬಿಡ್ತೀನಿ." ಗಾಡಿ ಹೊರಟಿತು.

ಅಂದಿನಿಂದ ಈ ಲೆಕ್ಕ ನನ್ನ ತಲೆಯಲ್ಲಿ ತಿರುಗುತ್ತಲೇ ಇದೆ. ಬಾಡಿಗೆ ಕೊಡಲಾರದ ಅಶಕ್ತನನ್ನು ಒಯ್ಯುವುದು ಗಾಡಿಯವನ ಕರ್ತವ್ಯವೆ? ಕರ್ತವ್ಯವಾದರೆ ಅವನೊಬ್ಬನದೇ ಏಕೆ? ದಿನಸಿ ಅಂಗಡಿಯವನು ಹಸಿದವನಿಗೆಲ್ಲ ಅಕ್ಕಿ ಅಳೆದುಕೊಡಲಿ ಎಂದು ನಾವು ಹೇಳುವುದಿಲ್ಲ. ಗಾಡಿಯವನಿಗೆ ಮಾತ್ರ ಹೇಳುತ್ತೇವೆ. ಗಾಡಿ ಹೇಗೂ ಆ ಕಡೆ ಹೋಗುತ್ತಿದೆ, ಇನ್ನಿಬ್ಬರು ಕೂತರೆ ಅವನಿಗೇನು ನಷ್ಟ ಎಂಬುದು ನಮ್ಮ ವಾದ. ಸೀಟು ಖಾಲಿಯಿದ್ದಾಗ ಈ ವಾದಕ್ಕೆ ಬಲವಿದೆ. ಆದರೆ ಡೀಸೆಲ್ಲು, ಸಾಲದ ಕಂತು, ಮಾಲಿಕನಿಗೆ ದಿನದ ಲೆಕ್ಕ ಇವೆಲ್ಲ ಆ ಸೀಟುಗಳ ಮೇಲೆಯೇ ಕುಳಿತಿರುತ್ತವೆ. ನಮಗೆ ಕಾಣುವುದಿಲ್ಲ, ಅಷ್ಟೆ.

ಕಾನೂನು ಏನೆನ್ನುತ್ತದೆ ನೋಡೋಣ. ೧೯೮೮ರ ಮೋಟಾರು ವಾಹನ ಕಾಯಿದೆಯ ೧೭೮ನೆಯ ಕಲಮಿನ ಪ್ರಕಾರ ಬಾಡಿಗೆ ವಾಹನದವನು ನಿಯಮ ಮೀರಿ ಪ್ರಯಾಣಿಕರನ್ನು ಒಯ್ಯಲು ನಿರಾಕರಿಸಿದರೆ ದಂಡ ತೆರಬೇಕು. ಆಟೋದವನಿಗಾದರೆ ಅದು ಹೆಚ್ಚೆಂದರೆ ಐವತ್ತು ರೂಪಾಯಿ. ಆದರೆ ಅಲ್ಲಿ ಪ್ರಯಾಣಿಕನೆಂದರೆ ಹಣ ಕೊಡುವವನೇ. ಅಪಘಾತದಲ್ಲಿ ಬಿದ್ದವನನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೀಡಿಸಬಾರದೆಂದು ಸುಪ್ರೀಂ ಕೋರ್ಟು ೨೦೧೬ರಲ್ಲಿ ಮಾರ್ಗಸೂಚಿಗಳನ್ನು ಜಾರಿಗೊಳಿಸಿತು. ೨೦೧೯ರ ತಿದ್ದುಪಡಿಯಲ್ಲಿ ಆ ರಕ್ಷಣೆ ಕಾಯಿದೆಯೊಳಗೇ ಸೇರಿತು. ಒಳ್ಳೆಯದೇ ಆಯಿತು. ಅದರಿಂದ ಗಾಡಿಯವನ ಭಯ ಹೋಗಬಹುದು, ಡೀಸೆಲ್ಲಿನ ಖರ್ಚು ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ೨೦೧೭ರಿಂದ ಗೊತ್ತುಪಡಿಸಿದ ಟ್ಯಾಕ್ಸಿಗಳವರು ಗಾಲಿಕುರ್ಚಿಯವರನ್ನು ಹತ್ತಿಸಿಕೊಳ್ಳಲೇಬೇಕು, ಅದಕ್ಕಾಗಿ ಹೆಚ್ಚು ಬಾಡಿಗೆ ಕೇಳಕೂಡದು. ಬಾಡಿಗೆಯನ್ನೇ ಕೇಳಬೇಡ ಎನ್ನುವ ಧೈರ್ಯ ಆ ಕಾಯಿದೆಗೂ ಇಲ್ಲ.

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ೨೦೦೮ರಿಂದ ೧೦೮ರ ಆಂಬುಲೆನ್ಸು ಬಿಟ್ಟಿಯಾಗಿ ಓಡುತ್ತಿದೆ. ೨೦೨೩ರ ಜೂನ್ ೧೧ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣವಿಲ್ಲ; ಬಸ್ಸು ಸಿಕ್ಕಿದ್ದರೆ ಆ ಮುದುಕಿ ಬಿಟ್ಟಿಯಾಗಿ ಊರು ಸೇರುತ್ತಿದ್ದಳು, ಕಣ್ಣು ಕಟ್ಟಿಸಿಕೊಂಡ ಮುದುಕ ಮಾತ್ರ ಹಣ ಕೊಡಬೇಕಾಗಿತ್ತು. ಹೆತ್ತ ತಾಯಿಯನ್ನೂ ಕೂಸನ್ನೂ ಮನೆ ಮುಟ್ಟಿಸಲು 'ನಗು-ಮಗು' ವಾಹನವಿದೆ. ಅವರನ್ನು ಬಿಟ್ಟರೆ ಆಸ್ಪತ್ರೆಗೆ ಒಯ್ಯುವ ಚಿಂತೆ ಎಲ್ಲರಿಗೂ ಉಂಟು; ಹಿಂದಕ್ಕೆ ಕರೆತರುವುದು ಯಾರ ಚಿಂತೆಯೂ ಅಲ್ಲ. ಗುಣವಾದವನು ಹೇಗಾದರೂ ಮನೆ ಸೇರಿಕೊಳ್ಳುತ್ತಾನೆಂದು ಎಲ್ಲರೂ ನಂಬಿರುವಂತಿದೆ. ಆ 'ಹೇಗಾದರೂ' ಎಂಬುದರ ಭಾರವೆಲ್ಲ ಕ್ರೂಸರಿನವನ ಮೇಲೆ, ಟಂಟಂನವನ ಮೇಲೆ ಬೀಳುತ್ತದೆ.

ಹಾಗಾದರೆ ಅವನು ಇಳಿಸಿದ್ದರೆ ಸರಿಯಾಗುತ್ತಿತ್ತೆ? ಇಲ್ಲವೆಂದೇ ನನಗೆ ತೋರುತ್ತದೆ. ಹತ್ತಿಸಿಕೊಳ್ಳದೆ ಇರುವುದಕ್ಕೂ ನಡುದಾರಿಯಲ್ಲಿ ಇಳಿಸುವುದಕ್ಕೂ ವ್ಯತ್ಯಾಸವಿದೆ. ರಾಯಚೂರಿನಲ್ಲೇ ಬೇಡವೆಂದಿದ್ದರೆ ಅವರಿಗೆ ಆಸ್ಪತ್ರೆಯ ವರಾಂಡವಿತ್ತು, ರೈಲು ನಿಲ್ದಾಣವಿತ್ತು, ಬೆಳಕಿತ್ತು. ಹತ್ತಿಸಿಕೊಂಡು ಇಪ್ಪತ್ತೈದು ಮೂವತ್ತು ಕಿಲೋಮೀಟರು ತಂದ ಮೇಲೆ ಅವರಿಗೆ ಇದ್ದುದು ಈ ಗಾಡಿಯೊಂದೇ. ಅವರ ಇಂದಿನ ದಿಕ್ಕಿಲ್ಲದ ಸ್ಥಿತಿಯಲ್ಲಿ ಗಾಡಿಯದೂ ಪಾಲಿದೆ. ಮುದುಕಿ ನಿಜ ಮುಚ್ಚಿಟ್ಟು ಹತ್ತಿದ್ದು ತಪ್ಪು ಎನ್ನಬಹುದು. ತಪ್ಪೇ. ಆದರೆ ಸುಳ್ಳಿಗೆ ಶಿಕ್ಷೆಯಾಗಿ ಕತ್ತಲನ್ನು ಕೊಡುವುದು ಯಾವ ನ್ಯಾಯಾಧೀಶನೂ ಮಾಡದ ಕೆಲಸ.

ಜರ್ಮನಿಯ ಕಾಂಟ್ ೧೭೮೫ರ ತನ್ನ ನೀತಿಗ್ರಂಥದಲ್ಲಿ ಕರ್ತವ್ಯಗಳನ್ನು ಎರಡಾಗಿ ಬೇರ್ಪಡಿಸಿದ: ತಪ್ಪದೆ ನಡೆಸಲೇಬೇಕಾದವು ಒಂದು ಬಗೆ, ಯಾರಿಗೆ, ಎಷ್ಟು ಎಂಬುದು ನಮ್ಮ ವಿವೇಚನೆಗೆ ಬಿಟ್ಟವು ಇನ್ನೊಂದು. ಪರೋಪಕಾರ ಎರಡನೆಯ ಬಗೆಯದು. ಹತ್ತಿಸಿಕೊಳ್ಳುವವರೆಗೆ ಗಾಡಿಯವನ ಕರ್ತವ್ಯ ಎರಡನೆಯ ಬಗೆಯದಾಗಿದ್ದು, ಗಾಡಿ ಹೊರಟೊಡನೆ ಮೊದಲನೆಯ ಬಗೆಗೆ ಬರುತ್ತದೆ ಎಂದು ನಾನು ಹೇಳುತ್ತೇನೆ. ಕಾಂಟ್ ಒಪ್ಪುತ್ತಿದ್ದನೋ ಇಲ್ಲವೋ. ಅವನು ಗಬ್ಬೂರಿನ ದಾರಿಯಲ್ಲಿ ರಾತ್ರಿ ಪ್ರಯಾಣ ಮಾಡಿದವನಲ್ಲ.

ಇದನ್ನೆಲ್ಲ ಮಾನ್ವಿಯ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ತಮ್ಮ ಓಣಿಯ ಟಂಟಂನವನ ಸಂಗತಿ ತಿಳಿಸಿದರು. ಒಂದು ರಾತ್ರಿ ಹೆರಿಗೆ ಬೇನೆ ತಿನ್ನುತ್ತಿದ್ದ ಕೂಲಿ ಹೆಂಗಸನ್ನು ಅವನು ಹಳ್ಳಿಯಿಂದ ಮಾನ್ವಿಗೆ ತಂದ. ಹಣದ ಮಾತನ್ನು ಮೊದಲು ಎತ್ತಲೇ ಇಲ್ಲ. ತಂದು ಮುಟ್ಟಿಸಿದ ಮೇಲೆ ಕೇಳಿದ. ಗಂಡನ ಬಳಿ ಏನೂ ಇರಲಿಲ್ಲ. ಮೊಬೈಲು ಒತ್ತೆಯಿಟ್ಟುಕೊಂಡು ಹೋದ. ಗೆಳೆಯರಿಗೆ ಇದು ಕಟುಕತನವೆನಿಸಿತ್ತು. ನನಗೆ ಮೊದಲು ಹಾಗೆನಿಸಲಿಲ್ಲ. ಒತ್ತೆ ಕೇಳಿದವನು ಎದುರಿನವನನ್ನು ಸಾಲಗಾರನೆಂದು ತಿಳಿದಿದ್ದಾನೆ, ಭಿಕ್ಷುಕನೆಂದಲ್ಲ. ಸಾಲ ತೀರಿಸಿ ತಲೆಯೆತ್ತಿ ನಡೆಯಬಹುದು, ಭಿಕ್ಷೆ ತೀರುವಂಥದಲ್ಲ. ಆದರೆ ಅಂಥ ರಾತ್ರಿ, ಊರಿನಿಂದ ಅತ್ತೆಯನ್ನೋ ಅಕ್ಕನನ್ನೋ ಕರೆಸಲು ಆ ಗಂಡನಿಗಿದ್ದ ಸಾಧನ ಅದೊಂದೇ. ಒತ್ತೆ ಕೇಳಿದ್ದು ತಪ್ಪಲ್ಲ, ಮೊಬೈಲು ಕೇಳಿದ್ದು ತಪ್ಪು ಎಂಬಲ್ಲಿಗೆ ನಮ್ಮಿಬ್ಬರಿಗೂ ರಾಜಿಯಾಯಿತು. ಬೆಳಿಗ್ಗೆ ಅವನೇ ಬಂದು ಅದನ್ನು ಹಿಂದಿರುಗಿಸಿದನಂತೆ. ಬಾಡಿಗೆ ಸಿಕ್ಕಿತೋ ಇಲ್ಲವೋ ಗೆಳೆಯರು ವಿಚಾರಿಸಿರಲಿಲ್ಲ.

ಮಾನ್ವಿ, ದೇವದುರ್ಗ ಎಂದಾಗ ನೆನಪಾಗುವ ಕಥೆಯೊಂದುಂಟು. ಮಾನ್ವಿಯ ಜಗನ್ನಾಥದಾಸರು ಉದರವ್ಯಾಧಿಯಿಂದ ನರಳುತ್ತ ವಿಜಯದಾಸರಲ್ಲಿಗೆ ಹೋದರೆಂದೂ, ಅವರು ಗೋಪಾಲದಾಸರ ಬಳಿಗೆ ಕಳುಹಿಸಿದರೆಂದೂ, ದೇವದುರ್ಗದ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲೇ ನಲವತ್ತು ವರ್ಷ ಧಾರೆಯೆರೆದರೆಂದೂ ಭಕ್ತರು ನಂಬುತ್ತಾರೆ. ಚಿಕ್ಕಂದಿನಲ್ಲಿ ಈ ಕಥೆ ಕೇಳಿದಾಗಲೆಲ್ಲ ನನ್ನನ್ನು ಕಾಡಿದ್ದು ಒಂದೇ: ಕಳುಹಿಸಿದವರು ಒಬ್ಬರು, ಕೊಟ್ಟವರು ಇನ್ನೊಬ್ಬರು. ಗುರುವಿಗೆ ಹಾಗೆ ಕಳುಹಿಸುವ ಅಧಿಕಾರವಿತ್ತು, ಶಿಷ್ಯನಿಗೆ ಕೊಡುವ ಮನಸ್ಸಿತ್ತು. ಗಬ್ಬೂರಿನಲ್ಲಿ ನನಗೆ ಯಾವ ಅಧಿಕಾರವಿತ್ತು?

ಅಂದು ದೇವದುರ್ಗ ಮುಟ್ಟಿದಾಗ ಮಗ ಅಲ್ಲಿರಲಿಲ್ಲ. ಮುದುಕಿ ಸುತ್ತ ನೋಡಿ, ನನ್ನ ಹತ್ತಿರ ಬಂದು, "ಯಾರ ಮನಿಗಿ ಬಂದೀರಿ ಯಪ್ಪಾ? ಮಗನ ಕೈಲಿ ರೊಕ್ಕ ಕಳಸ್ತೀನಿ" ಎಂದಳು. ಬೇಡಮ್ಮ ಎಂದೆ. ಅವಳ ಮುಖ ಸಣ್ಣದಾಯಿತು. ಡ್ರೈವರು ಮಾತ್ರ ಸ್ಟೇರಿಂಗಿನ ಹಿಂದಿನಿಂದಲೇ, "ಯಮ್ಮಾ, ನಂದು ನೂರು ಬಾಕಿ ಐತಿ. ಮುಂದಿನ ಸಲ ಬಂದಾಗ ಕೊಡಬೇಕು, ಮರೀಬ್ಯಾಡ" ಎಂದ. "ಮರೀತೀನೇನು" ಎಂದಳು, ಈಗ ಸ್ವಲ್ಪ ಗಟ್ಟಿಯಾಗಿ. ಅಷ್ಟರಲ್ಲಿ ನಮ್ಮವರ ಹುಡುಗ ಬೈಕು ತಂದ. ಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕುಳಿತೆ. ಅವರ ಹಳ್ಳಿ ಅಲ್ಲಿಂದ ಇನ್ನೂ ಆರು ಕಿಲೋಮೀಟರು ಎಂಬುದು ನನಗೆ ಗೊತ್ತಾದದ್ದು ಮರುದಿನ, ಊಟಕ್ಕೆ ಕುಳಿತಾಗ.